ಎದೆಮಟ್ಟಕ್ಕೂ ಬಾರದ ಕಾರು: ಮಜ್ದಾ ಎಂಎಕ್ಸ್-5 ಕೊಳ್ಳುವ ಮುನ್ನ

ಅಮೆರಿಕದಲ್ಲಿ 30,000 ಡಾಲರಿನ ಆಚೀಚೆ ಹೊಸ ಸ್ಪೋರ್ಟ್ಸ್ ಕಾರು ಹುಡುಕಿ ಹೊರಟವರಿಗೆ ಎದುರಾಗುವ ಹೆಸರುಗಳು ಹೆಚ್ಚಿಲ್ಲ. ಮಜ್ದಾ ಎಂಎಕ್ಸ್-5, ಅಂದರೆ ಅಲ್ಲಿನವರ ಬಾಯಲ್ಲಿ ಮಿಯಾಟಾ. ಟೊಯೊಟಾ ಜಿಆರ್86 ಮತ್ತು ಅದರ ಅವಳಿ ಸುಬಾರು ಬಿಆರ್‌ಜೆಡ್. ನಾಲ್ಕು ಸಿಲಿಂಡರಿನ ಫೋರ್ಡ್ ಮಸ್ಟಾಂಗ್ ಇಕೋಬೂಸ್ಟ್. ಇವನ್ನು ಸಾಲಾಗಿ ನಿಲ್ಲಿಸಿದರೆ ಕಣ್ಣು ಮೊದಲು ಹೋಗುವುದು ಮಸ್ಟಾಂಗ್ ಕಡೆಗೆ, ಆಮೇಲೆ ಟೊಯೊಟಾ ಕಡೆಗೆ. ಎಂಎಕ್ಸ್-5 ಪಕ್ಕದಲ್ಲಿ ನಿಂತರೆ ಅದರ ರೂಫು ಎದೆಮಟ್ಟಕ್ಕೂ ಬರುವುದಿಲ್ಲ. ‘ಚೆನ್ನಾಗಿದೆ, ಆದರೆ ತೀರಾ ಚಿಕ್ಕದಾಯ್ತು’ ಎಂದು ಅನೇಕರು ಬಾಗಿಲೂ ತೆಗೆಯದೆ ಮುಂದೆ ಹೋಗುವುದು ಅಲ್ಲೇ. ಸ್ಪೋರ್ಟ್ಸ್ ಕಾರು ಕೊಳ್ಳುವಾಗ ಅತಿ ಹೆಚ್ಚು ತಪ್ಪು ನಡೆಯುವುದೂ ಅದೇ ಜಾಗದಲ್ಲಿ. ನಿಂತ ಕಾರನ್ನು ಕಣ್ಣು ಅಳೆಯುವ ರೀತಿಗೂ ಓಡುವ ಕಾರು ಮೈಗೆ ಕೊಡುವ ಅನುಭವಕ್ಕೂ ಸಂಬಂಧ ಬಹಳ ತೆಳು.

ಮೊದಲು ಗಾತ್ರ. ಈಗಿನ ತಲೆಮಾರಿನ ಕಾರು, ಎನ್‌ಡಿ ಎಂಬ ಸಂಕೇತದ್ದು, 2015ರಿಂದ ಮಾರಾಟದಲ್ಲಿದೆ. ಉದ್ದ 3,915 ಮಿ.ಮೀ., ಅಗಲ 1,735 ಮಿ.ಮೀ., ಎತ್ತರ 1,235 ಮಿ.ಮೀ., ಎರಡು ಆಕ್ಸಲ್‌ಗಳ ನಡುವೆ 2,310 ಮಿ.ಮೀ. ನಮ್ಮವರಿಗೆ ಅಂದಾಜು ಸಿಗಬೇಕೆಂದರೆ ಈಗಿನ ಮಾರುತಿ ಸ್ವಿಫ್ಟ್ ನೆನೆಸಿಕೊಳ್ಳಿ: ಅದರ ಉದ್ದ 3,860, ಅಗಲ ಕರಾರುವಾಕ್ಕಾಗಿ ಇಷ್ಟೇ, 1,735. ಅಂದರೆ ನೆಲದ ಮೇಲೆ ಎಂಎಕ್ಸ್-5 ಹಿಡಿಯುವ ಜಾಗ ಒಂದು ಸ್ವಿಫ್ಟಿನಷ್ಟೇ, ಎತ್ತರ ಮಾತ್ರ ಸುಮಾರು ಒಂದಡಿ ಕಡಿಮೆ. ಕಣ್ಣಿಗೆ ಆಟಿಕೆಯ ಹಾಗೆ ಕಾಣಲು ಕಾರಣ ಆ ಒಂದಡಿ. (ಮಜ್ದಾ ಕಾರುಗಳು ಭಾರತದ ಶೋರೂಮುಗಳಲ್ಲಿ ಸಿಗುವುದಿಲ್ಲ. ಹಾಗಾಗಿ ಈ ವಿಮರ್ಶೆ ಮುಖ್ಯವಾಗಿ ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾ ಕಡೆ ಇರುವ ಕನ್ನಡಿಗರಿಗೆ ಉಪಯೋಗಕ್ಕೆ ಬಂದೀತು.)

ಮಸ್ಟಾಂಗಿನ ಅಗಲ ಸುಮಾರು 1,916 ಮಿ.ಮೀ. 18 ಸೆಂಟಿಮೀಟರ್ ವ್ಯತ್ಯಾಸ ಹೆದ್ದಾರಿಯ 12 ಅಡಿ ಲೇನಿನಲ್ಲಿ ಗೊತ್ತೇ ಆಗುವುದಿಲ್ಲ. ಅದೇ ಕಾರನ್ನು ಬೆಟ್ಟದ ತಿರುವಿನ ದಾರಿಗೆ, ಒಂಬತ್ತಡಿ ಲೇನಿಗೆ ತಂದು ನೋಡಿ. ಎಂಎಕ್ಸ್-5ಗೆ ಎರಡೂ ಪಕ್ಕದಲ್ಲಿ ಅರ್ಧ ಅರ್ಧ ಮೀಟರ್ ಉಳಿಯುತ್ತದೆ. ತನ್ನ ಲೇನಿನೊಳಗೇ ತಿರುವಿನ ಹೊರ ಅಂಚಿನಿಂದ ಹೊಕ್ಕು, ಒಳ ಅಂಚು ಸವರಿ, ಮತ್ತೆ ಹೊರಕ್ಕೆ ಬರುವಷ್ಟು ಜಾಗ ಅದು. ಮಸ್ಟಾಂಗಿನಲ್ಲಿ ಉಳಿಯುವುದು ಸುಮಾರು 41 ಸೆಂಟಿಮೀಟರ್, ಕೈಗಳು ಲೇನಿನ ಮಧ್ಯ ಹಿಡಿಯುವುದರಲ್ಲೇ ಮಗ್ನವಾಗಿರುತ್ತವೆ. ಚಿಕ್ಕ ಕಾರು ರಸ್ತೆಯನ್ನೇ ಅಗಲ ಮಾಡಿಕೊಡುತ್ತದೆ. ಡ್ರೈವರ್ ಸೀಟಿನಲ್ಲಿ ಕೂತಾಗ ಬಾನೆಟ್ಟಿನ ಎರಡೂ ಬದಿ ಮುಂಚಕ್ರಗಳ ಮೇಲಿನ ಉಬ್ಬು ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ. ಚಕ್ರ ಎಲ್ಲಿದೆ ಎಂದು ಊಹಿಸುವ ಕೆಲಸವಿಲ್ಲ, ಕಾಣುತ್ತಲೇ ಇರುತ್ತದೆ. ಹೊರಗಿನಿಂದ ಬರೀ ಅಂದ ಎನಿಸುವ ಆ ಉಬ್ಬು ಒಳಗಿನಿಂದ ಗುರಿಗೋಲು.

ನೋಟದ ಬಗ್ಗೆ ಕೊಳ್ಳುವವರು ಸಂಕೋಚ ಪಡಬೇಕಿಲ್ಲ. ಸ್ಪೋರ್ಟ್ಸ್ ಕಾರನ್ನು ಅಂದಕ್ಕಾಗಿ ಕೊಳ್ಳುವುದು ಹಳೆಯ, ಸಹಜ ಸಂಗತಿ. 1964ರ ಏಪ್ರಿಲ್‌ನಲ್ಲಿ ಬಂದ ಮೊದಲ ಮಸ್ಟಾಂಗಿನ ಅಡಿಯಲ್ಲಿದ್ದದ್ದು ಫೋರ್ಡಿನದೇ ಸಾಧಾರಣ ಮನೆಬಳಕೆಯ ಕಾರು ಫಾಲ್ಕನ್. ಉದ್ದ ಬಾನೆಟ್, ಗಿಡ್ಡ ಹಿಂಭಾಗ, ಈ ಆಕಾರವೇ ಮೊದಲ ವರ್ಷದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಕಾರು ಮಾರಿಸಿತು. ಎಂಎಕ್ಸ್-5ಗೆ ಕಾಡಿದ್ದು ಇದರ ಉಲ್ಟಾ ತೊಂದರೆ. 1989ರ ಫೆಬ್ರವರಿಯಲ್ಲಿ ಷಿಕಾಗೊ ಪ್ರದರ್ಶನದಲ್ಲಿ ಕಾಣಿಸಿಕೊಂಡ ಮೊದಲ ಕಾರಿನದು ದುಂಡು ಮೈ, ಮೇಲಕ್ಕೇಳುವ ಹೆಡ್‌ಲೈಟು, ನಗುವಂತಿದ್ದ ಬಾಯಿ. ಆ ಮುಖ ನೋಡಿಯೇ ಇದು ಜೋರಿನ ಕಾರಲ್ಲ, ಅಲಂಕಾರದ ಕಾರು ಎಂಬ ಮಾತು ಹುಟ್ಟಿ ಮೂರು ದಶಕ ಅಂಟಿಕೊಂಡಿತು. ಎನ್‌ಡಿ ಬಂದಾಗ ದುಂಡು ಕಣ್ಣು ಹೋಗಿ ಸೀಳಿನಂಥ ಎಲ್‌ಇಡಿ ಲೈಟು ಬಂತು. ಮುಖ ಗಂಭೀರವಾಯಿತು. ಆದರೆ ಒಳಗಿನ ಸೂತ್ರ ಬದಲಾಗಲಿಲ್ಲ: ಎಂಜಿನ್ ಮುಂದೆ, ಅದೂ ಮುಂಚಕ್ರದ ಆಕ್ಸಲ್‌ಗಿಂತ ಹಿಂದಕ್ಕೆ ಸರಿಸಿ. ಎಳೆತ ಹಿಂಚಕ್ರಕ್ಕೆ, ಸೀಟು ಎರಡೇ, ತೂಕ ಆದಷ್ಟು ಕಡಿಮೆ. ಉದ್ದದಲ್ಲಿ ಈ ಕಾರು 1989ರದಕ್ಕಿಂತಲೂ ತುಸು ಗಿಡ್ಡ. ಮುಖ ನೋಡಿ ‘ಹಿಂದಿನದು ಮೆತ್ತಗೆ, ಈಗಿನದು ಚುರುಕು’ ಎಂದು ತೀರ್ಮಾನಿಸುವವರು ಬಂಪರನ್ನು ಓಡಿಸುತ್ತಿದ್ದಾರೆ, ಕಾರನ್ನಲ್ಲ.

ಅಂದವೂ ಎಂಜಿನ್ನೂ ಮನಸ್ಸಿನ ಮೇಲೆ ಮಾಡುವ ಕೆಲಸವನ್ನು ಬೇರೆ ಬೇರೆಯಾಗಿ ತೂಗಿ ನೋಡಲು ಮಾರುಕಟ್ಟೆಯೇ ಒಮ್ಮೆ ಅವಕಾಶ ಕೊಟ್ಟಿತ್ತು. 2016ರಲ್ಲಿ ಫಿಯಟ್ 124 ಸ್ಪೈಡರ್ ಬಂತು. ಅದು ತಯಾರಾಗುತ್ತಿದ್ದದ್ದು ಇದೇ ಹಿರೋಶಿಮಾದ ಮಜ್ದಾ ಕಾರ್ಖಾನೆಯಲ್ಲಿ, ಇದೇ ಎನ್‌ಡಿಯ ಅಸ್ಥಿಪಂಜರದ ಮೇಲೆ. ಮೈಮಾಟ ಮಾತ್ರ ಬೇರೆ, ಉದ್ದ 4,054 ಮಿ.ಮೀ., ಅಂದರೆ ಸುಮಾರು 14 ಸೆಂಟಿಮೀಟರ್ ಹೆಚ್ಚು. ಬಾನೆಟ್ ನೀಳ, ನಿಲುವು ದೊಡ್ಡದು. ಎಂಜಿನ್ ಫಿಯಟ್ಟಿನ 1.4 ಲೀಟರ್ ಟರ್ಬೊ. ಯುರೋಪಿನ 140 ಎಚ್‌ಪಿ ಕಾರಿನಲ್ಲಿ ಎಂಜಿನ್ ನಿಮಿಷಕ್ಕೆ 2,250 ಸುತ್ತು (ಆರ್‌ಪಿಎಂ) ತಿರುಗುವಾಗಲೇ 240 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಆಗಿನ 2 ಲೀಟರ್ ಮಜ್ದಾದ್ದು 4,600 ಆರ್‌ಪಿಎಂಗೆ 200. ಶೋರೂಮಿನ ಸುತ್ತ ಒಂದು ಸುತ್ತು ಹೊಡೆದವರಿಗೆ ಫಿಯಟ್ಟೇ ಜೋರು ಎನಿಸುತ್ತಿತ್ತು. ಸಿಗ್ನಲ್ ಬಿಟ್ಟ ತಕ್ಷಣ ಬೆನ್ನಿಗೆ ಸಿಗುವ ದೂಡಿಕೆಯನ್ನೇ ಮೈ ‘ಪಿಕಪ್’ ಎಂದು ನೆನಪಿಟ್ಟುಕೊಳ್ಳುತ್ತದೆ. ಗಡಿಯಾರ ಹಿಡಿದು ಸೊನ್ನೆಯಿಂದ ಗಂಟೆಗೆ 60 ಮೈಲಿ ವೇಗ ಮುಟ್ಟುವ ಹೊತ್ತು ಅಳೆದರೆ ಮುಂದಿರುತ್ತಿದ್ದದ್ದು ಮಜ್ದಾ. ಅದಕ್ಕೆ ತೂಕ ಕಡಿಮೆ, ಎಂಜಿನ್ನಿಗೆ ಮೇಲಿನ ಆರ್‌ಪಿಎಂವರೆಗೂ ಉಸಿರಿತ್ತು. ದೊಡ್ಡದಾಗಿ ಕಾಣುತ್ತಿದ್ದ, ಜೋರು ಎನಿಸುತ್ತಿದ್ದ ಫಿಯಟ್ 2020ರ ಹೊತ್ತಿಗೆ ನಿಂತುಹೋಯಿತು.

ಇನ್ನು ಎಚ್‌ಪಿ ಲೆಕ್ಕ. ಇದರಲ್ಲಿ ಮೋಸ ಹೋಗುವವರೇ ಹೆಚ್ಚು. 2019ರ ಮಾದರಿಯಿಂದೀಚೆಗೆ ಎಂಎಕ್ಸ್-5ರ 2 ಲೀಟರ್ ಎಂಜಿನ್ ಕೊಡುವುದು 181 ಎಚ್‌ಪಿ. ಮಸ್ಟಾಂಗ್ ಇಕೋಬೂಸ್ಟಿನದು 315. ಕಾಗದದ ಮೇಲೆ ಶೇ. 74ರಷ್ಟು ಹೆಚ್ಚು. ಈಗ ತೂಕ ಹಾಕಿ: ಬೇಸಿಕ್ ಮ್ಯಾನುಯಲ್ ಎಂಎಕ್ಸ್-5 ಸುಮಾರು 1,058 ಕೆ.ಜಿ., ಮಸ್ಟಾಂಗ್ 1,630 ಕೆ.ಜಿ. ಆಸುಪಾಸು. ಟನ್ ತೂಕಕ್ಕೆ ಎಷ್ಟು ಎಚ್‌ಪಿ ಎಂದು ಲೆಕ್ಕ ಹಿಡಿದರೆ ಎಂಎಕ್ಸ್-5ರದು 171, ಮಸ್ಟಾಂಗಿನದು 193. ಶೇ. 74 ಇದ್ದದ್ದು ಶೇ. 13ಕ್ಕೆ ಇಳಿಯಿತು. ಆ ಹೆಚ್ಚುವರಿ 570 ಕೆ.ಜಿ.ಯನ್ನು ಪ್ರತಿ ಬ್ರೇಕಿನಲ್ಲಿ, ಪ್ರತಿ ತಿರುವಿನಲ್ಲಿ ಟೈರು ಹೊರಬೇಕು. ಟೈರು, ಬ್ರೇಕ್ ಪ್ಯಾಡು ಬೇಗ ಸವೆಯುವುದು ಅದಕ್ಕೇ. ಮಸ್ಟಾಂಗ್ ಜಿಟಿಯ ವಿ8 ಎಂಜಿನ್ನಿನ ಮಾತು ಬೇರೆ. 480 ಎಚ್‌ಪಿ ಇರುವಲ್ಲಿ ತೂಕದ ಲೆಕ್ಕವೂ ಸೋಲುತ್ತದೆ, ಅದರ ಬೆಲೆಯೂ ಬೇರೆ ಮಟ್ಟದ್ದು.

ಸೊನ್ನೆಯಿಂದ 60 ಮೈಲಿ ಮುಟ್ಟುವ ಸೆಕೆಂಡಿನ ಅಂಕಿಯನ್ನು ಓದುವಾಗ ಗಿಯರಿನ ಲೆಕ್ಕ ಗೊತ್ತಿರಲೇಬೇಕು. ಎಂಎಕ್ಸ್-5ರ ಎರಡನೇ ಗಿಯರಿನ ಅನುಪಾತ 2.991, ಫೈನಲ್ ಡ್ರೈವಿನದು, ಅಂದರೆ ಹಿಂಚಕ್ರಕ್ಕೆ ಮುನ್ನ ಬರುವ ಕೊನೆಯ ಗಿಯರಿನದು, 2.866. 205/45 ಆರ್17 ಟೈರು ಒಂದು ಸುತ್ತಿಗೆ ಸುಮಾರು 1.94 ಮೀಟರ್ ಉರುಳುತ್ತದೆ. 2018ರವರೆಗಿನ 155 ಎಚ್‌ಪಿ ಎಂಜಿನ್ನಿನ ಮಿತಿ 6,800 ಆರ್‌ಪಿಎಂ. ಎರಡನೇ ಗಿಯರಿನಲ್ಲಿ ಗಂಟೆಗೆ 92 ಕಿ.ಮೀ.ಗೆ ಉಸಿರು ಮುಗಿಯುತ್ತಿತ್ತು. 60 ಮೈಲಿ ಅಂದರೆ 96.6 ಕಿ.ಮೀ. ಅಲ್ಲಿಗೆ ಮುಟ್ಟಲು ಮೂರನೇ ಗಿಯರಿಗೆ ಹಾಕಲೇಬೇಕಿತ್ತು, ಆ ಒಂದು ಬದಲಾವಣೆಗೆ ಸೆಕೆಂಡಿನ ಕೆಲವು ದಶಾಂಶ ಹೋಗುತ್ತಿತ್ತು. 2019ರ ಎಂಜಿನ್ 7,500ರವರೆಗೆ ತಿರುಗುತ್ತದೆ, ಎರಡನೇ ಗಿಯರ್ ಸರಿಯಾಗಿ 101 ಕಿ.ಮೀ. ದಾಟುತ್ತದೆ. ಎರಡು ಕಾರುಗಳ ನಡುವೆ 0.3 ಸೆಕೆಂಡ್ ವ್ಯತ್ಯಾಸ ನೋಡಿ ಒಂದನ್ನು ಬಿಡುವವರು ಎಷ್ಟೋ ಸಲ ಎಂಜಿನ್ನನ್ನು ಹೋಲಿಸುತ್ತಿರುವುದೇ ಇಲ್ಲ, ಎರಡನೇ ಗಿಯರಿನ ಹಲ್ಲುಗಳನ್ನು ಹೋಲಿಸುತ್ತಿರುತ್ತಾರೆ. ಹೊಸ ಎಂಜಿನ್ನಿನ ಕಾರು ಪತ್ರಿಕೆಗಳ ಪರೀಕ್ಷೆಯಲ್ಲಿ 6 ಸೆಕೆಂಡಿನೊಳಗೇ 60 ಮೈಲಿ ಮುಟ್ಟಿದೆ. ಅದಕ್ಕಿಂತ ಮುಖ್ಯ ಸಂಗತಿ: ಎರಡನೇ ಗಿಯರನ್ನು ಪೂರ್ತಿ, ಕೊನೆಯವರೆಗೆ, ಕಾನೂನಿನ ಒಳಗೇ ಬಳಸಬಹುದು. ಹೆದ್ದಾರಿಯ ರ‍್ಯಾಂಪಿನಲ್ಲಿ ದಿನವೂ ಸಿಗುವ ಖುಷಿ ಅದು.

ಸದ್ದು ಕೂಡ ವೇಗದ ಲೆಕ್ಕವನ್ನು ಬದಲಿಸುತ್ತದೆ. 2016ರಲ್ಲಿ ಪೋರ್ಶೆ ತನ್ನ ಬಾಕ್‌ಸ್ಟರ್, ಕೇಮನ್ ಕಾರುಗಳಿಗೆ 718 ಎಂದು ಹೆಸರಿಟ್ಟು ಆರು ಸಿಲಿಂಡರಿನ ಬದಲು ನಾಲ್ಕು ಸಿಲಿಂಡರಿನ ಟರ್ಬೊ ಕೂರಿಸಿತು. ಶಕ್ತಿ 300 ಎಚ್‌ಪಿಗೆ ಏರಿತು, ವೇಗ ಹೆಚ್ಚಿತು. ಆದರೂ ಸದ್ದು ಸಪ್ಪೆಯಾಯಿತೆಂಬ ಅಸಮಾಧಾನ ನಿಲ್ಲಲಿಲ್ಲ. 2020ರಲ್ಲಿ ಜಿಟಿಎಸ್ 4.0 ಮಾದರಿಗೆ ಆರು ಸಿಲಿಂಡರ್ ಮರಳಿ ಬಂತು. ಈಗಿನ ಜಿಆರ್86ನಲ್ಲಿ ಎಂಜಿನ್ ಸದ್ದಿಗೆ ಸ್ಪೀಕರಿನಿಂದಲೂ ಬಲ ಕೊಡಲಾಗಿದೆ. ಎಂಎಕ್ಸ್-5ರಲ್ಲಿ ರೂಫ್ ಇಳಿಸಿದರೆ ಸೈಲೆನ್ಸರಿನ ಸದ್ದು ನೇರವಾಗಿ ಕಿವಿಗೆ ಬೀಳುತ್ತದೆ. ಸೀಟು ನೆಲಕ್ಕೆ ಹತ್ತಿರವಾದ್ದರಿಂದ ರಸ್ತೆಯ ಡಾಂಬರು ಕಣ್ಣಂಚಿನಲ್ಲಿ ಬೇಗ ಬೇಗ ಹಿಂದಕ್ಕೆ ಓಡುತ್ತದೆ. 60 ಕಿ.ಮೀ. ವೇಗ 90ರ ಹಾಗೆ ಅನಿಸುತ್ತದೆ. ನಿಜವಾದ ವೇಗವನ್ನೇ ಬಯಸುವವರಿಗೆ ಇದು ಕೊರತೆ. ಊರ ಹೊರಗಿನ ಮಾಮೂಲಿ ರಸ್ತೆಯಲ್ಲಿ, ದಂಡ ಕಟ್ಟದೆ ಖುಷಿ ಪಡಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಗುಣವಿಲ್ಲ.

ಜಿಆರ್86 ಜೊತೆ ಹೋಲಿಸಲೇಬೇಕು. ಅದರ ಹಿಂದಿನ ತಲೆಮಾರಿಗೆ, 2012ರಲ್ಲಿ ಬಂದ 2 ಲೀಟರ್ ಕಾರಿಗೆ, 200 ಎಚ್‌ಪಿ ಇತ್ತು. ಆದರೆ 3,500ರಿಂದ 4,500 ಆರ್‌ಪಿಎಂ ನಡುವೆ ಟಾರ್ಕ್ ಕುಸಿಯುತ್ತಿತ್ತು. ವೇಗ ಏರಿಸುವಾಗ ಎಂಜಿನ್ ಮತ್ತೆ ಮತ್ತೆ ಹಾದುಹೋಗುವುದು ಅಲ್ಲೇ. ಅಂಕಿಯಲ್ಲಿ ಸಾಕಷ್ಟು ಜೋರಿದ್ದ ಕಾರಿಗೆ ‘ಎಳೆಯುವುದಿಲ್ಲ’ ಎಂಬ ಹೆಸರು ಬಂದದ್ದು ಆ ತಗ್ಗಿನಿಂದ. 2022ರ ಮಾದರಿಯ 2.4 ಲೀಟರ್ ಎಂಜಿನ್ 228 ಎಚ್‌ಪಿ ಕೊಡುತ್ತದೆ, ಟಾರ್ಕಿನ ತುದಿ 3,700 ಆರ್‌ಪಿಎಂಗೇ ಸಿಗುತ್ತದೆ. ಆ ದೂರು ಈಗ ಬಗೆಹರಿದಿದೆ. ಹಿಂದೆ ಮಗುವನ್ನಾದರೂ ಕೂರಿಸಬೇಕು, ಸೀಟು ಮಡಚಿ ನಾಲ್ಕು ಟೈರು ತುಂಬಿಕೊಂಡು ಟ್ರ್ಯಾಕಿಗೆ ಹೋಗಬೇಕು ಎನ್ನುವವರು ಎರಡನೇ ಯೋಚನೆ ಮಾಡದೆ ಜಿಆರ್86 ತೆಗೆದುಕೊಳ್ಳಲಿ.

ಎಂಎಕ್ಸ್-5ರ ಚಕ್ರಕ್ಕೆ ನಾಲ್ಕೇ ನಟ್ಟು. ಅದು ನೋಡಿ ‘ಅಗ್ಗದ ಕಾರಿನ ಹಾಗಿದೆ’ ಎನ್ನುವವರಿದ್ದಾರೆ. ಈ ತೂಕಕ್ಕೆ ನಾಲ್ಕು ಧಾರಾಳ, ಹಬ್ಬು ಹಗುರಾಗುತ್ತದೆ. ಚಕ್ರ 16 ಇಲ್ಲವೇ 17 ಇಂಚಿನದು. ಫೆಂಡರ್ ತುಂಬಲಿ ಎಂದು 18 ಇಂಚು ಹಾಕಿಸಿದರೆ ಫೋಟೋಗೆ ಚೆನ್ನ, ಆದರೆ ಸ್ಪ್ರಿಂಗಿನ ಕೆಳಗಿನ ತೂಕ ಏರಿ ಹಳ್ಳದಿಣ್ಣೆಯಲ್ಲಿ ಕಾರು ಕುಣಿಯಲು ಶುರುಮಾಡುತ್ತದೆ. ಅದಕ್ಕಿಂತ ಸಾಮಾನ್ಯ ತಪ್ಪು ಟೈರಿನ ಗಾಳಿಯದು. ಇದಕ್ಕೆ ಬೇಕಾದದ್ದು ನಾಲ್ಕಕ್ಕೂ 29 ಪಿಎಸ್‌ಐ. ಗ್ಯಾರೇಜಿನವರು ರೂಢಿಯಂತೆ 35 ತುಂಬಿ ಕಳಿಸುತ್ತಾರೆ. ಆರು ಪಿಎಸ್‌ಐ ಹೆಚ್ಚಾದರೆ ಈ ಹಗುರ ಕಾರಿನ ಟೈರು ಮಧ್ಯದಲ್ಲಷ್ಟೇ ನೆಲ ಕಚ್ಚುತ್ತದೆ. ಸ್ಟೀರಿಂಗ್ ಚಂಚಲವಾಗುತ್ತದೆ, ಮಳೆಯಲ್ಲಿ ಹಿಂಭಾಗ ಜಾರುತ್ತದೆ. ಟೆಸ್ಟ್ ಡ್ರೈವಿಗೆ ಮುಂಚೆ ಗಾಳಿ ನೋಡಿಸಿಕೊಳ್ಳಿ. ‘ಸಸ್ಪೆನ್ಷನ್ ಗಟ್ಟಿ’ ಎಂಬ ದೂರು ಎಷ್ಟೋ ಸಲ ಅಲ್ಲೇ ಬಗೆಹರಿಯುತ್ತದೆ.

ತಿರುವಿನಲ್ಲಿ ಮೈ ವಾಲುವುದು ಮೊದಲ ಸಲ ಓಡಿಸುವವರನ್ನು ಹೆದರಿಸುತ್ತದೆ. ಸ್ಪೋರ್ಟ್ಸ್ ಕಾರು ಅಂದರೆ ಹಲಗೆಯಂತೆ ಸಪಾಟಾಗಿ ತಿರುಗಬೇಕೆಂಬ ಕಲ್ಪನೆ ಇರುತ್ತದಲ್ಲ. ಇಲ್ಲಿ ಸ್ಪ್ರಿಂಗು ಮೆದುವಾಗಿರುವುದು ಬೇಕೆಂದೇ ಮಾಡಿದ್ದು. ಕಾರು ವಾಲುವ ಪ್ರಮಾಣವೇ ಟೈರಿನ ಹಿಡಿತ ಇನ್ನೆಷ್ಟು ಉಳಿದಿದೆ ಎಂದು ಸೊಂಟಕ್ಕೆ ಹೇಳುತ್ತದೆ. 2022ರ ಮಾದರಿಯಿಂದ ಕೆಪಿಸಿ ಎಂಬ ಏರ್ಪಾಡು ಸೇರಿದೆ, ಜೋರು ತಿರುವಿನಲ್ಲಿ ಒಳಬದಿಯ ಹಿಂಚಕ್ರಕ್ಕೆ ಹಗುರವಾಗಿ ಬ್ರೇಕ್ ಹಿಡಿದು ಆ ಮೂಲೆ ಮೇಲೇಳದಂತೆ ತಡೆಯುತ್ತದೆ. ಇದಕ್ಕಾಗಿ ಒಂದು ಗ್ರಾಂ ಭಾಗವನ್ನೂ ಸೇರಿಸಿಲ್ಲ, ಬರೀ ಸಾಫ್ಟ್‌ವೇರ್. ಅಮೆರಿಕದಲ್ಲಿ ಕ್ಲಬ್ ಮಾದರಿಯ ಮ್ಯಾನುಯಲ್ ತೆಗೆದುಕೊಂಡರೆ ಬಿಲ್‌ಸ್ಟೀನ್ ಕಂಪನಿಯ ಶಾಕ್ ಅಬ್ಸಾರ್ಬರೂ, ಒಂದೇ ಹಿಂಚಕ್ರ ಸುಮ್ಮನೆ ಸುತ್ತಿ ಬಲ ವ್ಯರ್ಥವಾಗದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ಲೂ ಬರುತ್ತವೆ. ಬೆಟ್ಟದ ದಾರಿ ಇಷ್ಟಪಡುವವರು ಹಣ ಹಾಕಬೇಕಾದದ್ದು ಇವೆರಡಕ್ಕೆ, ಲೆದರ್ ಸೀಟಿಗಲ್ಲ.

ಗಿಯರ್ ಲಿವರ್ ಬಗ್ಗೆ ಒಂದು ಮಾತು. ಗಿಡ್ಡ, ಮಣಿಕಟ್ಟಿನ ಹತ್ತಿರ. ಎರಡರಿಂದ ಮೂರಕ್ಕೆ ಹಾಕಲು ತೋಳು ಚಲಿಸುವುದೇ ಇಲ್ಲ, ಬೆರಳು ಮುಂದಕ್ಕೆ ಒತ್ತಿದರೆ ಟಕ್ ಎಂದು ಕೂರುತ್ತದೆ. ಈ ಬೆಲೆಯಲ್ಲಿ ಇಂಥ ಗಿಯರ್ ಇನ್ನೊಂದಿಲ್ಲ. ಆಟೊಮ್ಯಾಟಿಕ್ ತೆಗೆದುಕೊಂಡರೆ ಈ ಕಾರಿನ ಅರ್ಧ ಸುಖವನ್ನು ಶೋರೂಮಿನಲ್ಲೇ ಬಿಟ್ಟುಬಂದ ಹಾಗೆ.

ಚಿಕ್ಕದಾಗಿರುವುದು ನಿಜಕ್ಕೂ ಕಾಡುವುದು ಎಲ್ಲಿ ಎಂಬುದನ್ನೂ ಹೇಳಬೇಕು. ಆರಡಿ ಒಂದಿಂಚು ದಾಟಿದವರ ತಲೆ ರೂಫಿಗೆ ತಾಗುತ್ತದೆ, ಅದರಲ್ಲೂ ಕಾಲಿಗಿಂತ ಮುಂಡ ಉದ್ದ ಇರುವವರಿಗೆ. ಸೀಟಿನ ಫೋಮ್ ಕತ್ತರಿಸಿ ಒಂದಿಂಚು ಇಳಿಸಿಕೊಳ್ಳುವವರಿದ್ದಾರೆ. ಹಾಗೆ ಮಾಡಿಸುವುದಾದರೆ ಸೀಟ್ ಹೀಟರಿನ ತಂತಿ ಎಲ್ಲಿ ಹಾದಿದೆ ಎಂದು ನೋಡಿ ಮಾಡಿಸಬೇಕು. 2018ರವರೆಗಿನ ಕಾರಿನಲ್ಲಿ ಸ್ಟೀರಿಂಗ್ ಮೇಲೆ ಕೆಳಗೆ ಮಾತ್ರ ಸರಿಯುತ್ತಿತ್ತು, 2019ರಿಂದ ಹಿಂದೆ ಮುಂದೆಯೂ ಸರಿಯುತ್ತದೆ. ಉದ್ದ ಕಾಲಿನವರಿಗೆ ಆ ಒಂದು ಕಾರಣಕ್ಕೇ ಹೊಸ ಮಾದರಿ ವಾಸಿ. ಎದುರಿನ ಗ್ಲವ್ ಬಾಕ್ಸ್ ಇಲ್ಲ, ಬೀಗ ಹಾಕುವ ಪೆಟ್ಟಿಗೆ ಎರಡು ಸೀಟಿನ ನಡುವೆ ಹಿಂದಕ್ಕಿದೆ. ಕಾರು ಓಡಿಸುತ್ತಾ ಅದನ್ನು ತೆಗೆಯಲು ಹೋಗಬೇಡಿ. ಎಡಗೈ ಡ್ರೈವಿನ ಕಾರಿನಲ್ಲಿ ಪಕ್ಕದವರ ಕಾಲಿಡುವ ಜಾಗದಲ್ಲಿ ಒಂದು ಉಬ್ಬು ಇದೆ, ಮೂರು ತಾಸಿನ ಪ್ರಯಾಣದಲ್ಲಿ ಅವರಿಗದು ಕಾಡುತ್ತದೆ. ಡಿಕ್ಕಿ 130 ಲೀಟರ್. ವಿಮಾನದೊಳಗೆ ಒಯ್ಯುವ ಅಳತೆಯ ಮೆತ್ತನೆ ಚೀಲ ಎರಡು ಹಿಡಿಯುತ್ತವೆ, ಗಟ್ಟಿ ಸೂಟ್‌ಕೇಸಾದರೆ ಒಂದೇ. ಸ್ಟೆಪ್ನಿ ಇಲ್ಲ, ಪಂಕ್ಚರ್ ಮುಚ್ಚುವ ದ್ರವ ಮತ್ತು ಚಿಕ್ಕ ಪಂಪು ಮಾತ್ರ. ಟೈರಿನ ಪಕ್ಕ ಹರಿದರೆ ಟೋ ಟ್ರಕ್ಕೇ ಗತಿ. ಆರನೇ ಗಿಯರಿನ ಅನುಪಾತ 1 ಆದ್ದರಿಂದ 120 ಕಿ.ಮೀ. ವೇಗದಲ್ಲಿ ಎಂಜಿನ್ ಸುಮಾರು 2,950 ಆರ್‌ಪಿಎಂ ತಿರುಗುತ್ತದೆ. ಬಟ್ಟೆ ರೂಫಿನಲ್ಲಿ ಗಾಳಿ ಸದ್ದೂ ಸೇರಿ ಫೋನಿನಲ್ಲಿ ಮಾತಾಡುವುದು ಕಷ್ಟ. ದಿನಕ್ಕೆ ಎರಡು ತಾಸು ಹೆದ್ದಾರಿ ಹಿಡಿಯುವವರಿಗೆ ಈ ಕಾರು ಬೇಡ.

ಗಟ್ಟಿ ರೂಫಿನ ಆರ್‌ಎಫ್ ಮಾದರಿ ನೋಡಲು ಎಲ್ಲಕ್ಕಿಂತ ಸುಂದರ, ಗುಂಡಿ ಒತ್ತಿದರೆ 13 ಸೆಕೆಂಡಿನಲ್ಲಿ ರೂಫು ಒಳಗೆ ಹೋಗುತ್ತದೆ. ಆದರೆ ಸುಮಾರು 50 ಕೆ.ಜಿ. ಹೆಚ್ಚು ತೂಕ, ಹಿಂದಿನ ಎರಡು ಕಂಬಗಳಿಂದ ಪಕ್ಕದ ಲೇನು ಮರೆಯಾಗುತ್ತದೆ, ರೂಫ್ ತೆರೆದಾಗ ಕಿವಿ ಹಿಂದೆ ಗಾಳಿ ಬಡಿಯುತ್ತದೆ. ಬಟ್ಟೆ ರೂಫಿನದಾದರೆ ಗಾಜಿನ ಮೇಲಂಚಿನ ನಡುವಿನ ಕೊಂಡಿ ಬಿಡಿಸಿ, ಕೂತಲ್ಲೇ ಒಂದು ಕೈಯಲ್ಲಿ ಹಿಂದಕ್ಕೆ ಎಸೆದರೆ ಮುಗಿಯಿತು. ಸಿಗ್ನಲ್ ಹಸಿರಾಗುವಷ್ಟರಲ್ಲಿ ಕೆಲಸವಾಗುತ್ತದೆ.

ಟೆಸ್ಟ್ ಡ್ರೈವಿಗೆ ಹೋಗುವಾಗ ತೆಳು ಅಡಿಯ ಶೂ ಹಾಕಿಕೊಳ್ಳಿ, ಪೆಡಲ್ಲುಗಳು ಹತ್ತಿರ ಹತ್ತಿರ ಇವೆ. ನಿತ್ಯ ಒಯ್ಯುವ ಚೀಲವನ್ನೂ, ನಿತ್ಯ ಪಕ್ಕದಲ್ಲಿ ಕೂರುವವರನ್ನೂ ಕರೆದೊಯ್ಯಿರಿ. ಮೊದಲು ರೂಫ್ ಹಾಕಿಯೇ ಹತ್ತು ನಿಮಿಷ ಓಡಿಸಿ. ತಲೆ, ಮೊಣಕಾಲು, ಹಿಂದಿನ ನೋಟ ಎಲ್ಲ ಆಗಲೇ ಗೊತ್ತಾಗುವುದು. ಗಾಜಿನ ಮೇಲಂಚು ಕಣ್ಣಿಗೆ ಅಡ್ಡ ಬಂದರೆ ಸಿಗ್ನಲ್ ಕಾಣಲು ಬಗ್ಗಬೇಕಾಗುತ್ತದೆ. ಆಮೇಲೆ ರೂಫ್ ಇಳಿಸಿ. ಹೆದ್ದಾರಿಯಲ್ಲಿ ಲಾರಿಯ ಪಕ್ಕ ಒಮ್ಮೆ ಹೋಗಿ ನೋಡಿ, ಅದರ ಚಕ್ರದ ಮಟ್ಟಕ್ಕೆ ನಿಮ್ಮ ತಲೆ ಇರುತ್ತದೆ. ಕೆಲವರಿಗೆ ಅದು ಸಹಿಸದು, ಅಂಥವರು ಅದನ್ನು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ಎರಡನೇ ಗಿಯರಿನಲ್ಲಿ ಒಮ್ಮೆಯಾದರೂ 7,000 ದಾಟಿಸಿ. ಮೂರು ಸಾವಿರಕ್ಕೇ ಗಿಯರ್ ಬದಲಿಸಿ ‘ಪಿಕಪ್ ಇಲ್ಲ’ ಎಂದರೆ ಅದು ಎಂಜಿನ್ನಿನ ತಪ್ಪಲ್ಲ.

ಸೆಕೆಂಡ್ ಹ್ಯಾಂಡ್ ಹುಡುಕುವವರಿಗೆ 2019ರ ನಂತರದ್ದೇ ಮೊದಲ ಆಯ್ಕೆ. ಆರಂಭದ ವರ್ಷಗಳ ಎನ್‌ಡಿ ಕಾರುಗಳಲ್ಲಿ ಮ್ಯಾನುಯಲ್ ಗಿಯರ್‌ಬಾಕ್ಸ್ ಕೆಟ್ಟ ದೂರುಗಳು ಸಾಕಷ್ಟಿವೆ, ಮುಂದೆ ಒಳಗಿನ ಭಾಗಗಳನ್ನು ಸುಧಾರಿಸಲಾಯಿತು. 2016, 2017ರ ಕಾರು ನೋಡುವಾಗ ಎಂಜಿನ್ ಬಿಸಿಯಾದ ಮೇಲೆ ಎರಡು ಮತ್ತು ಮೂರನೇ ಗಿಯರಿನಲ್ಲಿ ಏರು ಹತ್ತಿಸಿ. ಆಕ್ಸಲರೇಟರ್ ಒತ್ತಿದಾಗ ಗೊರಗೊರ ಸದ್ದು ಬಂದರೆ, ಬಿಟ್ಟಾಗ ಲಿವರ್ ತಾನಾಗಿ ಹೊರಬಂದರೆ ಕೈ ಬಿಡಿ. ಬಾಕ್ಸ್ ಬದಲಿಸಿದ ದಾಖಲೆ ಇದ್ದರೆ ಅದು ಒಳ್ಳೆಯ ಸುದ್ದಿ. 1989ರಿಂದ 2005ರವರೆಗಿನ ಮೊದಲ ಎರಡು ತಲೆಮಾರಿನ ಕಾರುಗಳಲ್ಲಿ ಎಂಜಿನ್ನಿಗಿಂತ ಮುಂಚೆ ತುಕ್ಕು ನೋಡಬೇಕು. ರೂಫಿನ ನೀರು ಇಳಿಯುವ ಕೊಳವೆಗಳು ಸೀಟಿನ ಹಿಂದೆ ಎರಡೂ ಬದಿಯಲ್ಲಿವೆ. ಎಲೆ, ಮಣ್ಣು ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಪೆಟ್ಟಿಗೆಯೊಳಗೆ ನಿಂತು ಒಳಗಿನಿಂದಲೇ ತಿನ್ನುತ್ತದೆ, ಹೊರಗಿನ ಬಣ್ಣ ಹೊಳೆಯುತ್ತಲೇ ಇರುತ್ತದೆ. ಹಿಂಚಕ್ರದ ಮುಂದೆ, ಬಾಗಿಲ ಕೆಳಗಿನ ತುದಿಯನ್ನು ಅಡಿಯಿಂದ ಹೆಬ್ಬೆರಳಿನಲ್ಲಿ ಒತ್ತಿ ನೋಡಿ, ಮೆತ್ತಗಿದ್ದರೆ ಒಳಗೆ ತಗಡು ಉಳಿದಿಲ್ಲ. ಸೀಟಿನ ಹಿಂದಿನ ಕಾರ್ಪೆಟ್ ಎತ್ತಿ ಬೆರಳಾಡಿಸಿ. ಒಣಗಿದ್ದರೆ ಒಂದು ಬಕೆಟ್ ನೀರನ್ನು ನಿಧಾನಕ್ಕೆ ರೂಫಿನ ಹಿಂದಿನ ಅಂಚಿಗೆ ಹುಯ್ದು, ಅಷ್ಟೂ ನೀರು ಹಿಂಚಕ್ರದ ಮುಂದೆ ನೆಲಕ್ಕೆ ಇಳಿಯುವುದನ್ನು ಕಂಡ ಮೇಲೆಯೇ ಬೆಲೆಯ ಮಾತು ತೆಗೆಯಿರಿ.